ಮದರ್‌ಬೋರ್ಡ್ ಉಳಿಸಿಕೊಂಡು ಪ್ರೊಸೆಸರ್ ಬದಲಿಸುವುದು: ಸರಸ್ವತಿಪುರಂನ ಒಂದು ಡಿ.ಟಿ.ಪಿ. ಗಣಕದ ಕೆಲಸದ ದಾಖಲೆ

ಮೈಸೂರಿನ ಸರಸ್ವತಿಪುರಂನಲ್ಲಿರುವ ನನ್ನ ಸಣ್ಣ ಡಿ.ಟಿ.ಪಿ. ಕೇಂದ್ರಕ್ಕೆ ಎರಡು ಬಗೆಯ ಕೆಲಸ ಬರುತ್ತದೆ. ಒಂದು, ಆಹ್ವಾನ ಪತ್ರಿಕೆ, ಸ್ಮರಣ ಸಂಚಿಕೆ ಮತ್ತು ಮಾನಸಗಂಗೋತ್ರಿಯ ಸಂಶೋಧನಾ ವಿದ್ಯಾರ್ಥಿಗಳ ಪ್ರಬಂಧಗಳ ಪುಟವಿನ್ಯಾಸ. ಇನ್ನೊಂದು, ಹಳೆಯ ಕನ್ನಡ ಪುಸ್ತಕಗಳನ್ನು ಸ್ಕ್ಯಾನ್ ಮಾಡಿ, ಟೆಸರಾಕ್ಟ್ ಎಂಬ ಒಸಿಆರ್ ತಂತ್ರಾಂಶದಿಂದ ಪುಟದ ಚಿತ್ರವನ್ನು ಯೂನಿಕೋಡ್ ಪಠ್ಯವಾಗಿ ಮಾಡಿಕೊಡುವುದು. ಈ ಎರಡನೆಯ ಕೆಲಸ ವರ್ಷದಿಂದ ವರ್ಷಕ್ಕೆ ಹೆಚ್ಚುತ್ತಿದೆ, ನಮ್ಮ ಗಣಕ ತಡವರಿಸುತ್ತಿದ್ದುದೂ ಅದರಲ್ಲಿಯೇ. ದಪ್ಪ ಪುಸ್ತಕವೊಂದನ್ನು ಒಸಿಆರ್‌ಗೆ ಹಚ್ಚಿದರೆ, ಅದು ಮುಗಿಯುವವರೆಗೆ ಅದೇ ಗಣಕದಲ್ಲಿ ಒಂದು ಆಹ್ವಾನ ಪತ್ರಿಕೆಯನ್ನು ತಿದ್ದುವುದೂ ಕಷ್ಟವಾಗುತ್ತಿತ್ತು. ಹೊಸ ಗಣಕ ಕೊಳ್ಳುವ ಸ್ಥಿತಿಯಲ್ಲಿ ನಾನಿರಲಿಲ್ಲ. ಹದಿನೈದು ಸಾವಿರ ರೂಪಾಯಿ ದಾಟಬಾರದು ಎಂದು ಮಿತಿ ಹಾಕಿಕೊಂಡು ಕೆಲಸಕ್ಕೆ ಕೈಹಾಕಿದೆ.

ಗಣಕದಲ್ಲಿ ಇದ್ದದ್ದು ಇಷ್ಟು: ಎ320 ಚಿಪ್‌ಸೆಟ್‌ನ, ಎಎಂ4 ಸಾಕೆಟ್ (ಪ್ರೊಸೆಸರ್ ಕೂರುವ ಜಾಗ) ಇರುವ ಮದರ್‌ಬೋರ್ಡ್, ಎಎಂಡಿ ಕಂಪನಿಯ ರೈಜನ್ 3 2200ಜಿ ಪ್ರೊಸೆಸರ್, 2666 ವೇಗದ 8 ಜಿಬಿ ಡಿಡಿಆರ್4 ಮೆಮೊರಿಯ ಒಂದೇ ಒಂದು ಸ್ಟಿಕ್, ಒಂದು ಸಾಟಾ ಎಸ್‌ಎಸ್‌ಡಿ ಮತ್ತು 450 ವ್ಯಾಟ್‌ನ ಪವರ್ ಸಪ್ಲೈ. ಬೇರೆ ಗ್ರಾಫಿಕ್ಸ್ ಕಾರ್ಡ್ ಇರಲಿಲ್ಲ; ಮಾನಿಟರ್‌ನ ಕೇಬಲ್ ನೇರವಾಗಿ ಮದರ್‌ಬೋರ್ಡಿಗೇ ಸೇರಿತ್ತು. ಪ್ರೊಸೆಸರ್ ಆಯ್ಕೆಯಲ್ಲಿ ಕೊನೆಗೆ ನಿರ್ಣಾಯಕವಾದದ್ದು ಈ ಕೇಬಲ್ ಸಂಗತಿಯೇ ಆದ್ದರಿಂದ ಅದನ್ನು ಮೊದಲೇ ಹೇಳಿಬಿಡುತ್ತೇನೆ.

ಹಣ ತೆಗೆಯುವ ಮೊದಲು, ನಿಧಾನಕ್ಕೆ ಕಾರಣ ನಿಜವಾಗಿಯೂ ಪ್ರೊಸೆಸರೇ ಹೌದೋ ಎಂದು ಖಚಿತಪಡಿಸಿಕೊಳ್ಳಬೇಕಿತ್ತು. ಗಣಕ ನಿಧಾನವಾದಾಗಲೆಲ್ಲ ಪ್ರೊಸೆಸರಿನ ಮೇಲೆ ದೂರು ಹೊರಿಸುವುದು ರೂಢಿ. ಆದರೆ ಹಾರ್ಡ್ ಡಿಸ್ಕ್ ಇರುವ ಹಳೆಯ ಗಣಕಗಳಲ್ಲಿ ಬಹುಪಾಲು ತೊಂದರೆ ಡಿಸ್ಕಿನದೇ ಆಗಿರುತ್ತದೆ, ಅಂಥವರು ಮೊದಲು ಒಂದು ಎಸ್‌ಎಸ್‌ಡಿ ಹಾಕಿಸಿಕೊಳ್ಳುವುದೇ ಸರಿ. ಟಾಸ್ಕ್ ಮ್ಯಾನೇಜರ್ ತೆರೆದು, ಪರ್ಫಾರ್ಮೆನ್ಸ್ ಪುಟದಲ್ಲಿ ಸಿಪಿಯು ನಕ್ಷೆಯ ಮೇಲೆ ಬಲ ಗುಂಡಿ ಒತ್ತಿ, ಲಾಜಿಕಲ್ ಪ್ರೊಸೆಸರ್‌ಗಳನ್ನು ಬೇರೆ ಬೇರೆಯಾಗಿ ತೋರಿಸುವಂತೆ ಮಾಡಿಕೊಂಡೆ. ಒಸಿಆರ್ ನಡೆಯುವಾಗ ನಾಲ್ಕು ಕೋರ್‌ಗಳ (ಪ್ರೊಸೆಸರಿನೊಳಗೆ ಸ್ವತಂತ್ರವಾಗಿ ಲೆಕ್ಕ ಮಾಡುವ ಘಟಕಗಳ) ನಾಲ್ಕೂ ಚೌಕಗಳು ತುದಿ ಮುಟ್ಟಿ ಅಲ್ಲಿಯೇ ನಿಂತಿದ್ದವು. ಡಿಸ್ಕ್ ಮಾತ್ರ ಬಹುತೇಕ ಸುಮ್ಮನಿತ್ತು. ಅದೇ ಪುಟವಿನ್ಯಾಸದ ತಂತ್ರಾಂಶವಾದ ಪೇಜ್‌ಮೇಕರ್‌ನಲ್ಲಿ ನುಡಿ ಅಕ್ಷರಗಳ ದೊಡ್ಡ ಕಡತವೊಂದನ್ನು ತೆರೆದು ಪುಟ ತಿರುವಿದಾಗ ಒಟ್ಟು ಬಳಕೆ ಕಾಲು ಭಾಗದ ಆಸುಪಾಸಿಗೆ ನಿಂತುಬಿಡುತ್ತಿತ್ತು. 2001ರಲ್ಲಿ ಬಂದ 7.0 ಆವೃತ್ತಿಯೊಂದಿಗೆ ಪೇಜ್‌ಮೇಕರ್‌ನ ಬೆಳವಣಿಗೆ ಮುಗಿಯಿತು. ಒಂದಕ್ಕಿಂತ ಹೆಚ್ಚು ಕೋರ್‌ಗಳು ಮನೆಮನೆಯ ಗಣಕಕ್ಕೆ ಬರುವ ಮುನ್ನ ಬರೆದ ತಂತ್ರಾಂಶ ಅದು. ಅದಕ್ಕೆ ಆರು ಕೋರ್ ಕೊಟ್ಟರೂ ಹದಿನಾರು ಕೋರ್ ಕೊಟ್ಟರೂ ಒಂದನ್ನು ಮಾತ್ರ ಬಳಸುತ್ತದೆ. ಹಾಗಾಗಿ ಪುಟವಿನ್ಯಾಸಕ್ಕಷ್ಟೇ ಗಣಕ ಬಳಸುವವರು ಕೋರ್‌ಗಳ ಸಂಖ್ಯೆಗೆ ಮಾರುಹೋಗಬೇಕಾಗಿಲ್ಲ, ಒಂದೊಂದು ಕೋರ್ ಎಷ್ಟು ಚುರುಕು ಎಂಬುದನ್ನು ನೋಡಿದರೆ ಸಾಕು.

ಒಂದು ರೂಪಾಯಿಯೂ ಖರ್ಚಾಗದ ಸುಧಾರಣೆಯೊಂದು ಈ ಹಂತದಲ್ಲಿಯೇ ಸಿಕ್ಕಿತು. ಟೆಸರಾಕ್ಟ್ 2018ರ 4ನೇ ಆವೃತ್ತಿಯಿಂದ ನರಜಾಲದ (ನ್ಯೂರಲ್ ನೆಟ್‌ವರ್ಕ್) ವಿಧಾನವನ್ನು ಬಳಸುತ್ತದೆ, ಒಂದೇ ಪುಟದ ಲೆಕ್ಕಾಚಾರವನ್ನು ತಾನಾಗಿಯೇ ನಾಲ್ಕು ಥ್ರೆಡ್‌ಗಳವರೆಗೆ, ಎಂದರೆ ಏಕಕಾಲಕ್ಕೆ ನಡೆಯುವ ನಾಲ್ಕು ಎಳೆಗಳವರೆಗೆ, ಹಂಚಿಕೊಳ್ಳುತ್ತದೆ. ಕೇಳಲು ಇದು ಒಳ್ಳೆಯದೆನಿಸಿದರೂ, ಹಂಚಿಕೊಂಡ ಥ್ರೆಡ್‌ಗಳು ಒಂದನ್ನೊಂದು ಕಾಯುವುದರಲ್ಲಿ ಸಾಕಷ್ಟು ಸಮಯ ಪೋಲಾಗುತ್ತದೆ. ಓಎಂಪಿ ಥ್ರೆಡ್ ಲಿಮಿಟ್ ಎಂಬ ಎನ್ವಿರಾನ್‌ಮೆಂಟ್ ವೇರಿಯಬಲ್‌ಗೆ 1 ಎಂಬ ಬೆಲೆ ಕೊಟ್ಟು, ಒಂದು ಪುಟಕ್ಕೆ ಒಂದೇ ಥ್ರೆಡ್ ಎಂದು ಕಟ್ಟುಹಾಕಿ, ಅದರ ಬದಲು ನಾಲ್ಕು ಪುಟಗಳನ್ನು ಏಕಕಾಲಕ್ಕೆ ಓಡಿಸಿದರೆ, ಅದೇ ಹಳೆಯ ಪ್ರೊಸೆಸರ್‌ನಲ್ಲಿಯೇ ಪುಸ್ತಕ ಎದ್ದುಕಾಣುವಷ್ಟು ಬೇಗ ಮುಗಿಯುತ್ತದೆ. ಇದರಿಂದ ಇನ್ನೊಂದು ಸಂಗತಿಯೂ ತಿಳಿಯಿತು. ಪುಟಗಳು ಒಂದರ ಹಂಗಿಲ್ಲದೆ ಇನ್ನೊಂದು ನಡೆಯುವುದರಿಂದ, ಕೋರ್‌ಗಳು ಹೆಚ್ಚಿದಷ್ಟೂ ಈ ಕೆಲಸಕ್ಕೆ ನೇರ ಲಾಭವಿದೆ. ಪ್ರೊಸೆಸರ್‌ಗೆ ಹಣ ಹಾಕಬಹುದೆಂದು ಧೈರ್ಯ ಬಂದದ್ದು ಆಗ.

2200ಜಿ ಕೆಟ್ಟ ಪ್ರೊಸೆಸರ್ ಏನಲ್ಲ. 2018ರ ಫೆಬ್ರುವರಿಯಲ್ಲಿ ಬಂದಾಗ ಅದೇ ಬೆಲೆಗೆ ಅಷ್ಟು ಒಳ್ಳೆಯ ಗ್ರಾಫಿಕ್ಸ್ ಕೊಡುವ ಬೇರೊಂದು ಚಿಪ್ ಇರಲಿಲ್ಲ. ಆದರೆ ಅದು ಎಎಂಡಿಯ ಮೊದಲ ತಲೆಮಾರಿನ ಜೆನ್ ವಿನ್ಯಾಸದ್ದು: ನಾಲ್ಕು ಕೋರ್, ನಾಲ್ಕೇ ಥ್ರೆಡ್, 4 ಎಂಬಿ ಎಲ್3 ಕ್ಯಾಶ್ (ಪ್ರೊಸೆಸರಿನೊಳಗಿನ ಚುರುಕು ಮೆಮೊರಿ), ಗರಿಷ್ಠ ವೇಗ 3.7 ಗಿಗಾಹರ್ಟ್ಸ್. ಒಸಿಆರ್‌ಗೆ ಮುಖ್ಯವಾದ ಇನ್ನೊಂದು ಕೊರತೆ ಕಣ್ಣಿಗೆ ಬೀಳದಂಥದು. ಟೆಸರಾಕ್ಟ್ ತನ್ನ ನರಜಾಲದ ಗುಣಾಕಾರಗಳಿಗೆ ಎವಿಎಕ್ಸ್2 ಸೂಚನೆಗಳನ್ನು ಬಳಸುತ್ತದೆ, ಅವು 256 ಬಿಟ್ ಅಗಲದವು. ಮೊದಲ ಜೆನ್‌ನ ಲೆಕ್ಕದ ಘಟಕಗಳು 128 ಬಿಟ್ ಅಗಲದವಾದ್ದರಿಂದ ಅಂಥ ಪ್ರತಿಯೊಂದು ಸೂಚನೆಯನ್ನೂ ಎರಡು ತುಂಡು ಮಾಡಿ ನಡೆಸಬೇಕಾಗುತ್ತದೆ. ಜೆನ್ 2ರಿಂದ ಈ ಘಟಕಗಳು 256 ಬಿಟ್‌ಗೆ ಅಗಲವಾದವು. ಎಂದರೆ, ನನ್ನ ಕೆಲಸಕ್ಕೆ ಜೆನ್ 2ಕ್ಕಿಂತ ಹಿಂದಿನ ಯಾವ ಪ್ರೊಸೆಸರನ್ನು ತಂದರೂ ಅರ್ಧ ಲಾಭ ಕೈಬಿಟ್ಟಂತೆಯೇ. ಸೆಕೆಂಡ್ ಹ್ಯಾಂಡ್‌ನಲ್ಲಿ ಅಗ್ಗಕ್ಕೆ ಸಿಗುವ 2400ಜಿ ಮತ್ತು 3400ಜಿ ಈ ಕಾರಣಕ್ಕೆ ಪಟ್ಟಿಯಿಂದ ಬಿದ್ದುಹೋದವು. 3400ಜಿ ಹೆಸರು 3000 ಸರಣಿಯದಾದರೂ ಒಳಗಿರುವುದು ಜೆನ್ 2 ಅಲ್ಲ, ಜೆನ್ ಪ್ಲಸ್; ಕೊಳ್ಳುವವರು ಈ ಅಂಕಿಯನ್ನು ನಂಬಬಾರದು.

ಇದಕ್ಕೆ ವಿಂಡೋಸ್‌ನ ಒತ್ತಡವೂ ಸೇರಿತು. ವಿಂಡೋಸ್ 10ಕ್ಕೆ ಮೈಕ್ರೋಸಾಫ್ಟ್ ಕೊಡುತ್ತಿದ್ದ ಸಾಮಾನ್ಯ ಬೆಂಬಲ 2025ರ ಅಕ್ಟೋಬರ್ 14ಕ್ಕೆ ಮುಗಿಯಿತು, ವಿಂಡೋಸ್ 11ರ ಅಧಿಕೃತ ಪಟ್ಟಿಯಲ್ಲಿ 2200ಜಿ ಇಲ್ಲ. ಗ್ರಾಹಕರ ಪ್ರಬಂಧಗಳೂ ಗುರುತಿನ ದಾಖಲೆಗಳೂ ಇರುವ ಗಣಕವನ್ನು ಭದ್ರತೆಯ ತಿದ್ದುಪಡಿಗಳಿಲ್ಲದೆ ಇಂಟರ್‌ನೆಟ್‌ಗೆ ಜೋಡಿಸಿಡುವುದು ನನಗೆ ಒಪ್ಪಿಗೆಯಾಗುವ ಮಾತಲ್ಲ.

ಉಳಿದದ್ದು ಆಯ್ಕೆ. ಎಲ್ಲವನ್ನೂ ಹೊಸದಾಗಿ ಕಟ್ಟುವ ದಾರಿಯನ್ನು ಮೊದಲು ನೋಡಿದೆ. 2022ರಲ್ಲಿ ಬಂದ ಎಎಂ5 ಸಾಕೆಟ್‌ಗೆ ಹೋದರೆ ಬೋರ್ಡ್, ಪ್ರೊಸೆಸರ್ ಎರಡೂ ಹೊಸದು ಬೇಕು, ಅದು ಡಿಡಿಆರ್5 ಅನ್ನು ಮಾತ್ರ ಒಪ್ಪುವುದರಿಂದ ಮೆಮೊರಿಯನ್ನೂ ಬಿಸಾಡಬೇಕು. ನನ್ನ ಮಿತಿಗೆ ಅದು ದೂರದ ಮಾತು. ಇಂಟೆಲ್‌ನ ಐ3 12100 ನಿಜಕ್ಕೂ ಒಳ್ಳೆಯ ಪ್ರೊಸೆಸರ್: ನಾಲ್ಕೇ ಕೋರ್ ಇದ್ದರೂ ಒಂದೊಂದು ಕೋರ್ ಬಲು ಚುರುಕು, ಎಚ್610 ಬೋರ್ಡಿನಲ್ಲಿ ಹಳೆಯ ಡಿಡಿಆರ್4 ಮೆಮೊರಿಯನ್ನೂ ಬಳಸಬಹುದು. ಆದರೆ ಅದಕ್ಕೂ ಬೋರ್ಡ್ ಬದಲಾಗಬೇಕು, ಮತ್ತು ಒಸಿಆರ್‌ಗೆ ಬೇಕಾದ ಕೋರ್‌ಗಳು ಆ ಹಣಕ್ಕೆ ಬರುವುದಿಲ್ಲ. ಇರುವ ಸಾಕೆಟ್ ಇನ್ನೂ ಒಳ್ಳೆಯ ಪ್ರೊಸೆಸರನ್ನು ಒಪ್ಪುವಾಗ ಬೋರ್ಡಿಗೆ ಹಾಕುವ ಪ್ರತಿ ರೂಪಾಯಿಯೂ ಕೋರ್‌ಗಳಿಂದ ಕಿತ್ತುಕೊಂಡ ರೂಪಾಯಿಯೇ ಎಂಬುದು ನನ್ನ ಗಟ್ಟಿ ಅಭಿಪ್ರಾಯ.

ಎಎಂ4ರಲ್ಲಿಯೇ ಉಳಿಯುವುದೆಂದಾದ ಮೇಲೆ ಎಲ್ಲರ ಬಾಯಲ್ಲೂ ಮೊದಲು ಬರುವ ಹೆಸರು ರೈಜನ್ 5 5600. 2022ರ ಏಪ್ರಿಲ್‌ನಲ್ಲಿ ಬಂದ ಇದು ಜೆನ್ 3 ವಿನ್ಯಾಸದ್ದು, ಆರು ಕೋರ್, ಹನ್ನೆರಡು ಥ್ರೆಡ್, 32 ಎಂಬಿ ಎಲ್3 ಕ್ಯಾಶ್, 4.4 ಗಿಗಾಹರ್ಟ್ಸ್. ಗ್ರಾಫಿಕ್ಸ್ ಕಾರ್ಡ್ ಇರುವವರಿಗೆ ನಾನೂ ಇದನ್ನೇ ಹೇಳುತ್ತೇನೆ. ಆದರೆ ಇದರಲ್ಲಿ ಗ್ರಾಫಿಕ್ಸ್ ಇಲ್ಲ. ನನ್ನ ಬೋರ್ಡಿನಲ್ಲಿ ಇದನ್ನು ಕೂರಿಸಿದರೆ ಮಾನಿಟರ್ ಕಪ್ಪಾಗಿಯೇ ಇರುತ್ತದೆ, ಚಿತ್ರ ಬರಲು ಬೇರೆ ಕಾರ್ಡಿಗೆ ಹಣ ತೆರಬೇಕು. ಇನ್ನೂ ಅಗ್ಗದ 5500 ಮತ್ತು ಸೆಕೆಂಡ್ ಹ್ಯಾಂಡ್ 3600 ಎರಡಕ್ಕೂ ಇದೇ ತೊಡಕು. ಹೀಗೆ ಸೋಸಿದ ಮೇಲೆ ಉಳಿದದ್ದು ಹೆಸರಿನ ಕೊನೆಗೆ ಜಿ ಅಥವಾ ಜಿಟಿ ಇರುವವು: 2021ರಲ್ಲಿ ಬಿಡಿಯಾಗಿ ಮಾರಾಟಕ್ಕೆ ಬಂದ 5600ಜಿ, ಮತ್ತು 2024ರ ಜನವರಿಯ 5500ಜಿಟಿ, 5600ಜಿಟಿ. ಮೂರರಲ್ಲೂ ಆರು ಕೋರ್, ಹನ್ನೆರಡು ಥ್ರೆಡ್, 16 ಎಂಬಿ ಎಲ್3, 65 ವ್ಯಾಟ್; ವ್ಯತ್ಯಾಸವೆಲ್ಲ ವೇಗದ ಸಣ್ಣ ಅಂಕಿಗಳಲ್ಲಿ. ಕ್ಯಾಶ್ 5600ರ ಅರ್ಧ ಎಂಬುದು ಆಟಗಳಲ್ಲಿ ತಿಳಿಯುತ್ತದೆ, ಒಸಿಆರ್‌ನಲ್ಲಿ ಅಷ್ಟಾಗಿ ತಿಳಿಯುವುದಿಲ್ಲ. ಕಾರ್ಡುಗಳನ್ನು ಜೋಡಿಸುವ ಪಿಸಿಐಇ ಮಾರ್ಗ ಇವುಗಳಲ್ಲಿ ಹಳೆಯ 3.0 ಆವೃತ್ತಿಯದು ಎಂಬುದನ್ನು ಕೊರತೆಯೆಂದು ಹೇಳುವವರಿದ್ದಾರೆ, ಆದರೆ ಎ320 ಬೋರ್ಡ್ ತಾನೇ 3.0ರದ್ದಾದ ಮೇಲೆ ಆ ಮಾತು ನನಗೆ ಅನ್ವಯಿಸುವುದಿಲ್ಲ.

ಮೂರರಲ್ಲಿ ಯಾವುದು ಎಂಬುದನ್ನು ಬೋರ್ಡ್ ತಯಾರಕರ ಬೆಂಬಲ ಪಟ್ಟಿ ತೀರ್ಮಾನಿಸಿತು. ಎಎಂಡಿ ಮೊದಮೊದಲು 300 ಸರಣಿಯ ಚಿಪ್‌ಸೆಟ್‌ಗಳಿಗೆ ರೈಜನ್ 5000 ಬೆಂಬಲವಿಲ್ಲವೆಂದೇ ಹೇಳಿತ್ತು, 2022ರಲ್ಲಿ ಅದನ್ನು ಅಧಿಕೃತವಾಗಿ ತೆರೆಯಿತು. ಆದರೂ ಪ್ರತಿ ಬೋರ್ಡಿಗೂ ಅದರ ತಯಾರಕರು ಹೊಸ ಬಯೋಸ್ (ಗಣಕ ಹೊತ್ತಿಕೊಂಡಾಗ ಮೊದಲು ಓಡುವ, ಬೋರ್ಡಿನಲ್ಲಿಯೇ ಇರುವ ತಂತ್ರಾಂಶ) ಬರೆದು ಕೊಟ್ಟಿದ್ದರೆ ಮಾತ್ರ ಅದು ನಿಜವಾಗುತ್ತದೆ. ನನ್ನ ಬೋರ್ಡಿನ ಪಟ್ಟಿಯಲ್ಲಿ 5600ಜಿ ಹೆಸರೂ, ಅದಕ್ಕೆ ಬೇಕಾದ ಕನಿಷ್ಠ ಬಯೋಸ್ ಆವೃತ್ತಿಯೂ ಸ್ಪಷ್ಟವಾಗಿದ್ದವು. ಜಿಟಿ ಹೆಸರುಗಳು ಇರಲಿಲ್ಲ. ಪಟ್ಟಿ ನೋಡುವಾಗ ಬೋರ್ಡಿನ ಹೆಸರಷ್ಟೇ ಸಾಲದು. ಒಂದೇ ಹೆಸರಿನ ಬೋರ್ಡ್ ಹಲವು ಪರಿಷ್ಕರಣೆಗಳಲ್ಲಿ ಬಂದಿರುತ್ತದೆ, ಒಂದರ ಬಯೋಸ್ ಇನ್ನೊಂದಕ್ಕೆ ಸಲ್ಲುವುದಿಲ್ಲ. ನನ್ನದರಲ್ಲಿ ಆ ಅಂಕಿ ಬೋರ್ಡಿನ ಕೆಳ ಮೂಲೆಯಲ್ಲಿ, ಸ್ಕ್ರೂ ತೂತಿನ ಪಕ್ಕ, ಬಿಳಿಯ ಸಣ್ಣ ಅಕ್ಷರದಲ್ಲಿ ಅಚ್ಚಾಗಿತ್ತು. ಧೂಳನ್ನು ಬ್ರಷ್‌ನಿಂದ ಸರಿಸಿ, ಟಾರ್ಚ್ ಹಿಡಿದು ಓದಿಕೊಂಡೆ.

ಬಯೋಸ್ ಕೆಲಸವನ್ನು ಹಳೆಯ ಪ್ರೊಸೆಸರ್ ಸಾಕೆಟ್‌ನಲ್ಲಿ ಇರುವಾಗಲೇ ಮುಗಿಸಬೇಕು. ದುಬಾರಿ ಬೋರ್ಡುಗಳಲ್ಲಿ ಪ್ರೊಸೆಸರ್ ಇಲ್ಲದೆಯೂ ಬಯೋಸ್ ಬರೆಯುವ ಗುಂಡಿ ಇರುತ್ತದೆ, ಎ320ರಂಥ ಅಗ್ಗದ ಬೋರ್ಡಿನಲ್ಲಿ ಅದನ್ನು ನಿರೀಕ್ಷಿಸುವಂತಿಲ್ಲ. ಹಳೆಯದನ್ನು ತೆಗೆದು ಹೊಸದನ್ನು ಕೂರಿಸಿದ ಮೇಲೆ ಬಯೋಸ್ ನೆನಪಾದರೆ, ಮತ್ತೆ ಎಲ್ಲವನ್ನೂ ಬಿಚ್ಚಿ ಹಳೆಯದನ್ನೇ ಕೂರಿಸಬೇಕಾಗುತ್ತದೆ. ಪೆನ್ ಡ್ರೈವನ್ನು ಫ್ಯಾಟ್32ರಲ್ಲಿ ಫಾರ್ಮ್ಯಾಟ್ ಮಾಡಿ, ತಯಾರಕರ ಪುಟದಿಂದ ಇಳಿಸಿದ ಕಡತವನ್ನು ಅದರಲ್ಲಿಟ್ಟು, ಯುಪಿಎಸ್ ಪೂರ್ತಿ ಚಾರ್ಜ್ ಆಗಿದೆಯೆಂದು ನೋಡಿಕೊಂಡು ಶುರುಮಾಡಿದೆ. ಬಯೋಸ್ ಅರ್ಧ ಬರೆದಾಗ ಕರೆಂಟ್ ಹೋದರೆ ಬೋರ್ಡ್ ಸತ್ತಂತೆಯೇ. ಯುಪಿಎಸ್ ಇಲ್ಲದವರು ಇರುವವರ ಮನೆಗೆ ಗಣಕವನ್ನು ಹೊತ್ತೊಯ್ದಾದರೂ ಮಾಡುವುದು ಒಳ್ಳೆಯದು. ಬಹಳ ಹಳೆಯ ಆವೃತ್ತಿಯಿಂದ ನೇರವಾಗಿ ಕೊನೆಯದಕ್ಕೆ ಹಾರಲು ಕೆಲವು ಬೋರ್ಡುಗಳು ಬಿಡುವುದಿಲ್ಲ, ನಡುವಿನ ಒಂದು ಆವೃತ್ತಿಯನ್ನು ಮೊದಲು ಬರೆಯಬೇಕೆಂದು ತಯಾರಕರ ಟಿಪ್ಪಣಿಯಲ್ಲಿರುತ್ತದೆ. ನನ್ನದಕ್ಕೂ ಹಾಗೆಯೇ ಇತ್ತು. ಹೊಸ ಬಯೋಸ್ ಹಾಕಿದ ಮೇಲೆ ಹಳೆಯ ಪ್ರೊಸೆಸರ್ ಸರಿಯಾಗಿ ನಡೆಯದಿರಬಹುದೆಂಬ ಎಚ್ಚರಿಕೆಯೂ ಕೆಲವು ತಯಾರಕರಿಂದ ಬಂದಿದೆ. ಆದ್ದರಿಂದ ಹೊಸ ಪ್ರೊಸೆಸರ್ ಕೈಗೆ ಬಂದು, ಡಬ್ಬಿ ತೆರೆದು, ಪಿನ್‌ಗಳೆಲ್ಲ ನೆಟ್ಟಗಿವೆಯೆಂದು ನೋಡಿದ ಮೇಲೆಯೇ ನಾನು ಬಯೋಸ್ ಮುಟ್ಟಿದ್ದು.

ಕೊಳ್ಳುವಾಗಿನ ಒಂದು ಮಾತನ್ನು ಇಲ್ಲಿ ಸೇರಿಸಬೇಕು. ನಮ್ಮಲ್ಲಿ ಪ್ರೊಸೆಸರ್ ಎರಡು ರೂಪದಲ್ಲಿ ಸಿಗುತ್ತದೆ: ಡಬ್ಬಿಯದು ಮತ್ತು ಟ್ರೇಯದು. ಡಬ್ಬಿಯ 5600ಜಿ ಜೊತೆಗೆ ರೈತ್ ಸ್ಟೆಲ್ತ್ ಕೂಲರ್ ಬರುತ್ತದೆ, ಎಎಂಡಿಯ ಮೂರು ವರ್ಷದ ವಾರಂಟಿ ಇರುತ್ತದೆ. ಟ್ರೇ ಪ್ರೊಸೆಸರ್ ಗಣಕ ತಯಾರಕರಿಗೆಂದು ಸಗಟಾಗಿ ಹೋದದ್ದು. ಅದಕ್ಕೆ ಮಾರಿದವರು ಕೊಡುವ ಭರವಸೆಯೇ ವಾರಂಟಿ. ಬೆಂಗಳೂರಿನ ಎಸ್.ಪಿ. ರಸ್ತೆಯಲ್ಲಿ ಟ್ರೇಯದು ಇನ್ನೂ ಕಡಿಮೆಗೆ ಸಿಗುತ್ತದೆಂದು ಪರಿಚಿತರು ಹೇಳಿದರೂ, ನಾಳೆ ತೊಂದರೆಯಾದರೆ ನಡೆದುಹೋಗಿ ಕೇಳಬಹುದಾದ ಕುವೆಂಪುನಗರದ ಅಂಗಡಿಯಲ್ಲಿಯೇ, ಸೀರಿಯಲ್ ಸಂಖ್ಯೆ ನಮೂದಾದ ಜಿಎಸ್‌ಟಿ ಬಿಲ್ಲಿನೊಡನೆ, ಡಬ್ಬಿಯದನ್ನು ತಂದೆ. ಅದೇ ಅಂಗಡಿಯಲ್ಲಿ 2666 ವೇಗದ 8 ಜಿಬಿಯ ಬಳಸಿದ ಮೆಮೊರಿ ಸ್ಟಿಕ್ ಕೂಡ ಸಿಕ್ಕಿತು. 3200 ವೇಗದ ಹೊಸ ಜೋಡಿ ತರುವ ಆಸೆಯಿತ್ತು, ಆದರೆ ಮೆಮೊರಿಯ ಬೆಲೆ ಏರಿದ್ದ ಆ ಹೊತ್ತಿನಲ್ಲಿ ಅದು ಮಿತಿಯನ್ನು ಮೀರಿಸುತ್ತಿತ್ತು. ಬೇರೆ ಬೇರೆ ವೇಗದ ಸ್ಟಿಕ್‌ಗಳನ್ನು ಹಾಕಿದರೆ ಎರಡೂ ನಿಧಾನದ್ದರ ವೇಗಕ್ಕೇ ಇಳಿಯುವುದರಿಂದ, ಒಂದನ್ನು ಮಾತ್ರ 3200ರದ್ದು ತರುವುದರಲ್ಲಿ ಅರ್ಥವಿರಲಿಲ್ಲ.

ಇನ್ನು ಬಿಚ್ಚುವ ಕೆಲಸ. ಎಎಂ4 ಪ್ರೊಸೆಸರಿನ ಅಡಿಯಲ್ಲಿ 1331 ಪಿನ್‌ಗಳಿವೆ. ಇಂಟೆಲ್‌ನ ಈಚಿನ ಸಾಕೆಟ್‌ಗಳಲ್ಲಿ ಇರುವಂತೆ ಮೇಲಿನಿಂದ ಒತ್ತಿ ಹಿಡಿಯುವ ಲೋಹದ ಚೌಕಟ್ಟು ಇಲ್ಲಿಲ್ಲ. ಪಕ್ಕದ ಸಣ್ಣ ಲಿವರ್ ಪಿನ್‌ಗಳನ್ನಷ್ಟೇ ಹಿಡಿದಿರುತ್ತದೆ. ವರ್ಷಗಟ್ಟಲೆ ಒಣಗಿದ ಥರ್ಮಲ್ ಪೇಸ್ಟ್ ಕೂಲರನ್ನೂ ಪ್ರೊಸೆಸರನ್ನೂ ಅಂಟಿಸಿಬಿಟ್ಟಿರುವುದರಿಂದ, ಕೂಲರನ್ನು ನೇರವಾಗಿ ಮೇಲಕ್ಕೆ ಎಳೆದರೆ ಲಿವರ್ ಹಾಕಿದ್ದರೂ ಪ್ರೊಸೆಸರ್ ಸಾಕೆಟ್‌ನಿಂದ ಕಿತ್ತುಕೊಂಡು ಜೊತೆಗೇ ಬರುತ್ತದೆ, ಪಿನ್‌ಗಳು ಬಾಗುತ್ತವೆ. ಇದಕ್ಕೆ ಉಪಾಯ ಸರಳ. ಒಂದು ಪುಸ್ತಕವನ್ನು ಒಸಿಆರ್‌ಗೆ ಹಚ್ಚಿ ಪ್ರೊಸೆಸರನ್ನು ಚೆನ್ನಾಗಿ ಬಿಸಿಮಾಡಿ, ಗಣಕವನ್ನು ಆರಿಸಿ, ಕೇಬಲ್‌ಗಳನ್ನೆಲ್ಲ ತೆಗೆದು, ಪೇಸ್ಟ್ ಇನ್ನೂ ಮೆತ್ತಗಿರುವಾಗಲೇ ಬಿಚ್ಚಲು ತೊಡಗಿದೆ. ಹಳೆಯ ಸ್ಟೆಲ್ತ್ ಕೂಲರಿನ ನಾಲ್ಕು ಸ್ಪ್ರಿಂಗ್ ಸ್ಕ್ರೂಗಳನ್ನು ಎದುರುಬದುರು ಮೂಲೆಗಳಲ್ಲಿ ಸ್ವಲ್ಪ ಸ್ವಲ್ಪವೇ ಸಡಿಲಿಸುತ್ತ, ಇನ್ನೊಂದು ಕೈಯಿಂದ ಬೋರ್ಡಿನ ಹಿಂಬದಿಯ ಲೋಹದ ತಟ್ಟೆಯನ್ನು ಹಿಡಿದುಕೊಂಡಿದ್ದೆ, ಏಕೆಂದರೆ ಸ್ಕ್ರೂಗಳು ಪೂರ್ತಿ ಬಂದ ಮೇಲೆ ಆ ತಟ್ಟೆಯನ್ನು ಹಿಡಿದಿಡುವುದು ಏನೂ ಉಳಿಯುವುದಿಲ್ಲ. ಬಳಿಕ ಕೂಲರನ್ನು ಎತ್ತದೆ, ಬಾಟಲಿಯ ಬಿರಡೆ ತಿರುಗಿಸುವ ಹಾಗೆ ಎಡಕ್ಕೂ ಬಲಕ್ಕೂ ಮೆಲ್ಲಗೆ ತಿರುಗಿಸಿದೆ. ಮೊದಲು ಅಲುಗಲಿಲ್ಲ, ಆಮೇಲೆ ಅಂಟು ಬಿಡುವ ಸಣ್ಣ ಸದ್ದಿನೊಡನೆ ಜಾರಿತು. ಪ್ರೊಸೆಸರ್ ಸಾಕೆಟ್‌ನಲ್ಲಿಯೇ ಉಳಿಯಿತು.

ಲಿವರ್ ಎತ್ತಿದ ಮೇಲೆ ಪ್ರೊಸೆಸರ್ ಬಲವಿಲ್ಲದೆ ಎದ್ದು ಬರಬೇಕು, ಹೊಸದು ತನ್ನ ಭಾರಕ್ಕೆ ತಾನೇ ಇಳಿಯಬೇಕು. ಒಂದು ಮೂಲೆಯಲ್ಲಿರುವ ಚಿನ್ನದ ಬಣ್ಣದ ತ್ರಿಕೋನವನ್ನು ಸಾಕೆಟ್‌ನ ತ್ರಿಕೋನಕ್ಕೆ ಹೊಂದಿಸಿ ಬಿಟ್ಟರೆ ಸಾಕು; ಬೆರಳಿನಿಂದ ಅದುಮುವ ಅಗತ್ಯ ಬಿದ್ದಿತೆಂದರೆ ಏನೋ ಸರಿಯಾಗಿ ಕೂತಿಲ್ಲವೆಂದೇ ಅರ್ಥ. ಹೊಸ ಕೂಲರಿನ ತಳದಲ್ಲಿ ಪೇಸ್ಟ್ ಮೊದಲೇ ಹಚ್ಚಿರುತ್ತದೆ, ಬೇರೆ ಹಚ್ಚಬೇಕಾಗಿಲ್ಲ. ಹಳೆಯ ಕೂಲರನ್ನೇ ಬಳಸುವವರು ಮಾತ್ರ ಐಸೊಪ್ರೊಪೈಲ್ ಆಲ್ಕೊಹಾಲ್‌ನಿಂದ ಎರಡೂ ಮೇಲ್ಮೈಗಳನ್ನು ಒರೆಸಿ ಹೊಸ ಪೇಸ್ಟ್ ಹಚ್ಚಬೇಕು. ಎರಡನೆಯ ಮೆಮೊರಿ ಸ್ಟಿಕ್ಕನ್ನೂ ಆಗಲೇ ಕೂರಿಸಿದೆ.

ಗುಂಡಿ ಒತ್ತಿದಾಗ ಫ್ಯಾನ್ ತಿರುಗಿತು, ಪರದೆ ಮಾತ್ರ ಕಪ್ಪಾಗಿತ್ತು. ಹೊಸ ಪ್ರೊಸೆಸರ್ ಮೊದಲ ಸಲ ಮೆಮೊರಿಯೊಡನೆ ಹೊಂದಾಣಿಕೆ ಮಾಡಿಕೊಳ್ಳುವಾಗ ಹೀಗಾಗುವುದು ಸಹಜ, ಒಮ್ಮೊಮ್ಮೆ ಗಣಕ ತಾನೇ ಆರಿ ಮತ್ತೆ ಹೊತ್ತಿಕೊಳ್ಳುವುದೂ ಉಂಟು. ಆ ಹೊತ್ತಿನಲ್ಲಿ ಗಾಬರಿಯಿಂದ ಸ್ವಿಚ್ ತೆಗೆಯಬಾರದು. ಬಳಿಕ ಪರದೆಯ ಮೇಲೆ, ಹೊಸ ಪ್ರೊಸೆಸರ್ ಕಂಡುಬಂದಿದೆ, ಎಫ್‌ಟಿಪಿಎಂ ಅನ್ನು ಹೊಸದಾಗಿ ಆರಂಭಿಸಲು ವೈ ಒತ್ತಿ, ಹಾಗೆಯೇ ಉಳಿಸಲು ಎನ್ ಒತ್ತಿ ಎಂಬ ಅರ್ಥದ ಸಂದೇಶ ಬಂದಿತು. ಇದನ್ನು ಓದದೆ ಒತ್ತುವಂತಿಲ್ಲ. ಎಫ್‌ಟಿಪಿಎಂ ಎಂಬುದು ಪ್ರೊಸೆಸರಿನೊಳಗೆ ಕೀಲಿಗಳನ್ನು ಕಾಯ್ದಿಡುವ ವ್ಯವಸ್ಥೆ. ಡಿಸ್ಕಿಗೆ ಬಿಟ್‌ಲಾಕರ್ ಎಂಬ ವಿಂಡೋಸ್‌ನ ಬೀಗ ಹಾಕಿದವರು ಅದನ್ನು ಮೊದಲೇ ತಡೆಹಿಡಿಯದೆ, ರಿಕವರಿ ಕೀಲಿಯನ್ನೂ ಬರೆದಿಟ್ಟುಕೊಳ್ಳದೆ ವೈ ಒತ್ತಿದರೆ ತಮ್ಮ ಕಡತಗಳಿಗೆ ತಾವೇ ಹೊರಗಾಗುತ್ತಾರೆ. ನನ್ನ ಡಿಸ್ಕಿಗೆ ಬಿಟ್‌ಲಾಕರ್ ಇರಲಿಲ್ಲ, ಆದ್ದರಿಂದ ವೈ ಒತ್ತಿದೆ. ಬಯೋಸ್‌ನಲ್ಲಿ ಇನ್ನೆರಡು ಬದಲಾವಣೆ ಮಾಡಿದೆ: ಗ್ರಾಫಿಕ್ಸ್‌ಗೆಂದು ಮೀಸಲಾಗುವ ಮೆಮೊರಿಯನ್ನು 512 ಎಂಬಿಗೆ ಇಳಿಸಿದೆ, ಎರಡೂ ಸ್ಟಿಕ್‌ಗಳು ಡ್ಯುಯಲ್ ಚಾನಲ್‌ನಲ್ಲಿ 2666ರಲ್ಲಿಯೇ ಓಡುತ್ತಿವೆಯೆಂದು ಖಚಿತಪಡಿಸಿಕೊಂಡೆ. ಒಂದು ಸ್ಟಿಕ್‌ನಿಂದ ಸೆಕೆಂಡಿಗೆ ಸುಮಾರು 21 ಜಿಬಿ ದತ್ತಾಂಶ ಹರಿಯುತ್ತಿದ್ದರೆ ಎರಡರಿಂದ ಸುಮಾರು 42. ಪ್ರೊಸೆಸರೂ ಅದರೊಳಗಿನ ಗ್ರಾಫಿಕ್ಸೂ ಇದೇ ಮೆಮೊರಿಯನ್ನು ಹಂಚಿಕೊಳ್ಳುವ ಇಂಥ ಗಣಕದಲ್ಲಿ ಎರಡನೆಯ ಸ್ಟಿಕ್ ಐಷಾರಾಮವಲ್ಲ.

ಫಲಿತಾಂಶದ ಬಗ್ಗೆ ಹೇಳುವುದಾದರೆ, ಬದಲಾವಣೆಗೆ ಮುಂಚೆ ಓಡಿಸಿದ್ದ ಅದೇ ಪುಸ್ತಕದ ಅದೇ ಪುಟಗಳು ಈಗ ಅರ್ಧಕ್ಕಿಂತ ಕಡಿಮೆ ಸಮಯದಲ್ಲಿ ಮುಗಿಯುತ್ತವೆ. ಹನ್ನೆರಡು ಥ್ರೆಡ್ ಇವೆಯೆಂದು ಹನ್ನೆರಡು ಪುಟ ಒಟ್ಟಿಗೆ ಬಿಟ್ಟರೆ ವೇಗ ಹೆಚ್ಚೇನೋ ಹೌದು, ಆದರೆ ನಾನು ಹತ್ತಕ್ಕೆ ನಿಲ್ಲಿಸುತ್ತೇನೆ. ಉಳಿದದ್ದರಲ್ಲಿ ಪುಟವಿನ್ಯಾಸದ ಕೆಲಸ ತಡೆಯಿಲ್ಲದೆ ನಡೆಯುತ್ತದೆ. ಪೇಜ್‌ಮೇಕರ್ ಕೂಡ ಚುರುಕಾಗಿದೆ, ಕೋರ್‌ಗಳು ಹೆಚ್ಚಿದ್ದರಿಂದಲ್ಲ, ಒಂದು ಕೋರ್‌ನ ಬಲ ಹೆಚ್ಚಿದ್ದರಿಂದ. ಹಳೆಯ ಮೊಳೆಯಚ್ಚಿನ ಪುಸ್ತಕಗಳಲ್ಲಿ ಒತ್ತಕ್ಷರಗಳು ತಪ್ಪಾಗಿ ಬರುವುದು ಮೊದಲಿನಂತೆಯೇ ಇದೆ, ಅದಕ್ಕೆ ಪ್ರೊಸೆಸರ್ ಮದ್ದಲ್ಲ; ಕರಡು ತಿದ್ದಲು ಸಿಗುವ ಸಮಯವಂತೂ ಹೆಚ್ಚಿದೆ.

ಬಿಸಿಯ ಕಡೆ ಗಮನ ಬೇಕು. ಎಡೆಬಿಡದೆ ಒಸಿಆರ್ ನಡೆಯುವಾಗ ಸ್ಟೆಲ್ತ್ ಕೂಲರಿನಡಿ ತಾಪಮಾನ 80 ಡಿಗ್ರಿಯ ಆಸುಪಾಸಿಗೆ ಹೋಗುತ್ತದೆ. ಇದರ ಮಿತಿ 95 ಡಿಗ್ರಿಯಾದ್ದರಿಂದ ಅಪಾಯವಿಲ್ಲ, ಆದರೆ ಪ್ರೊಸೆಸರಿಗೆ ವಿದ್ಯುತ್ ಒದಗಿಸುವ ಭಾಗಕ್ಕೆ ನನ್ನ ಬೋರ್ಡಿನಲ್ಲಿ ಬಿಸಿಯನ್ನು ಹೀರಿ ಹರಡುವ ಲೋಹದ ಹೀಟ್‌ಸಿಂಕ್ ಇಲ್ಲ. 5600ಜಿಯನ್ನು 65ರ ಬದಲು 45 ವ್ಯಾಟ್‌ನ ಮಿತಿಯಲ್ಲಿ ನಡೆಸಲು ಎಎಂಡಿಯೇ ಅವಕಾಶ ಕೊಟ್ಟಿದೆ, ಬಯೋಸ್‌ನಲ್ಲಿ ಅದಕ್ಕೊಂದು ಆಯ್ಕೆಯಿದೆ. ಮಾರ್ಚ್‌ನಿಂದ ಮಳೆ ಹಿಡಿಯುವವರೆಗೆ ಹಾಗೆ ನಡೆಸುವುದೆಂದು ತೀರ್ಮಾನಿಸಿ, ಕೇಸಿನ ಹಿಂಬದಿಗೆ ಒಂದು 120 ಮಿ.ಮೀ. ಫ್ಯಾನನ್ನೂ ಹಾಕಿದ್ದೇನೆ. ಇಷ್ಟೆಲ್ಲ ಸೇರಿಯೂ ಖರ್ಚು ಹದಿನೈದು ಸಾವಿರದ ಒಳಗೇ ಉಳಿಯಿತು.

ಈ ಕೆಲಸ ನೋಡಿದ ಮಂಡ್ಯದ ಸ್ನೇಹಿತರೊಬ್ಬರು ತಮ್ಮ ಗಣಕಕ್ಕೂ ಹೀಗೆಯೇ ಮಾಡಬಹುದೇ ಎಂದು ಕೇಳಿದರು. ಅವರದು ಎಚ್110 ಬೋರ್ಡ್, ಐ3 6100. ಅಲ್ಲಿ ಉತ್ತರ ಬೇರೆ. ಆ ಬೋರ್ಡಿನಲ್ಲಿ ಇಂಟೆಲ್‌ನ 6 ಮತ್ತು 7ನೇ ತಲೆಮಾರಿನವು ಮಾತ್ರ ನಡೆಯುತ್ತವೆ. 8ನೇ ತಲೆಮಾರಿನ ಪ್ರೊಸೆಸರಿಗೂ ಸಾಕೆಟ್‌ನ ಹೆಸರು 1151 ಎಂದೇ ಇದ್ದರೂ, ಅದಕ್ಕೆ 300 ಸರಣಿಯ ಚಿಪ್‌ಸೆಟ್ ಬೇಕು. ಕೂರುತ್ತದೆಂದು ಕೊಂಡು ತಂದರೆ ಕೂರುತ್ತದೆ, ನಡೆಯುವುದಿಲ್ಲ. ಆ ಬೋರ್ಡಿಗೆ ಸಿಗುವ ಅತ್ಯುತ್ತಮವಾದವುಗಳಲ್ಲಿ ಒಂದಾದ ಐ7 7700 ಸಹ ವಿಂಡೋಸ್ 11ರ ಪಟ್ಟಿಯಲ್ಲಿಲ್ಲ, ಅದಕ್ಕೆ ಸೆಕೆಂಡ್ ಹ್ಯಾಂಡ್‌ನಲ್ಲಿ ಹಣ ಸುರಿಯುವುದು ನನಗೆ ಸರಿಕಾಣಲಿಲ್ಲ. ಅವರಿಗೆ ನಾನು ಹೇಳಿದ್ದು ಎಚ್610 ಬೋರ್ಡ್ ಮತ್ತು ಐ3 12100. ಎಚ್110 ಬೋರ್ಡುಗಳಲ್ಲಿ ಡಿಡಿಆರ್3 ಇರುವವೂ ಬಂದಿದ್ದವು, ಅವರದರಲ್ಲಿ ಡಿಡಿಆರ್4 ಇರುವುದನ್ನು ತೆರೆದು ನೋಡಿದ್ದೇವೆ. ಎಚ್610ರಲ್ಲಿಯೂ ಡಿಡಿಆರ್4, ಡಿಡಿಆರ್5 ಎಂದು ಎರಡು ಬಗೆ ಇರುವುದರಿಂದ ಡಿಡಿಆರ್4ರದ್ದನ್ನೇ ಕೇಳಿ ತರಿಸಿಕೊಳ್ಳಬೇಕೆಂದೂ, ಬಿಲ್ಲಿನಲ್ಲಿ 12100 ಎಂದಿದೆಯೋ ಗ್ರಾಫಿಕ್ಸ್ ಇಲ್ಲದ 12100ಎಫ್ ಎಂದಿದೆಯೋ ನೋಡದೆ ಹಣ ಕೊಡಬಾರದೆಂದೂ ತಿಳಿಸಿದ್ದೇನೆ.